ಘಾಟ್ಕೋಪರಿನ ನಲ್ಲಿ ಮತ್ತು ನನ್ನ ಇತಿಹಾಸದ ಓದು

ಮುಂಬಯಿಗೆ ಬಂದ ಮರುದಿನ ಬೆಳಿಗ್ಗೆಯೇ ಒಬ್ಬ ಹೆಂಗಸು ನನ್ನ ತುಂಬಿದ ಕೊಡವನ್ನು ಮೋರಿಗೆ ಸುರಿದು, ನಲ್ಲಿಯನ್ನು ಬೂದಿ ಹಚ್ಚಿ ತಿಕ್ಕತೊಡಗಿದಳು.

ಎಂಬತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿಸಿ ಕಲಬುರಗಿ ಕಡೆಯ ನಮ್ಮ ಹಳ್ಳಿಯಿಂದ ಅಕ್ಕ ಶಾಂತವ್ವನ ಮನೆಗೆ ಬಂದಿದ್ದೆ. ಮನೆಯೆಂದರೆ ಘಾಟ್ಕೋಪರಿನ ಗುಡ್ಡದ ಮೇಲೆ ತಗಡು ಹೊದಿಸಿದ ಝೋಪಡಿ. ಅಕ್ಕ, ಭಾವ ಇಬ್ಬರೂ ಬಿಲ್ಡಿಂಗ್ ಕೆಲಸದವರು, ನನಗಿಂತ ಎರಡು ದಿನ ಮುಂಚೆಯಷ್ಟೇ ಆ ಗುಡ್ಡಕ್ಕೆ ಬಂದಿದ್ದರು. ಗುಡ್ಡದಲ್ಲಿ ನೀರಿರಲಿಲ್ಲ, ಕೆಳಗಿನ ಚಾಳಿನ, ಅಂದರೆ ಸಾಲುಮನೆಗಳ, ನಲ್ಲಿಗೇ ಹೋಗಬೇಕು.

ಅಲ್ಲಿಯೇ ಆ ಹೆಂಗಸು ಕೇಳಿದ್ದು: "ಕೌನ್ ಲೋಗ್ ಹೋ ತುಮ್?" ಯಾವ ಜನ ನೀವು ಎಂದು.

"ಕರ್ನಾಟಕದವ್ರು," ಎಂದಳು ಅಕ್ಕ.

"ವೋ ನಹೀಂ ಪೂಛಾ." ಕೇಳಿದ್ದು ಅದಲ್ಲ.

ಅಕ್ಕ ಅಳುಕದೆ ನಮ್ಮ ಜಾತಿ ಹೇಳಿದಳು. ಊರಿನಲ್ಲಿ ಯಾರೂ ಹೀಗೆ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ನಾವು ಬಾವಿಯಿಂದ ದೂರ ನಿಲ್ಲುತ್ತಿದ್ದೆವು. ಯಾರಾದರೂ ಮನಸ್ಸು ಮಾಡಿ ಸೇದಿ ಹೊಯ್ದರೆ ನೀರು. ಲೋಕಲ್ ಟ್ರೇನಿನಲ್ಲಿ ಮೈಗೆ ಮೈ ಅಂಟಿಸಿ ನಿಲ್ಲುವ ಊರಿನಲ್ಲಿ ಇದೆಲ್ಲ ಇರಲಾರದೆಂದು ನಂಬಿಯೇ ಅಕ್ಕ ಹಳ್ಳಿ ಬಿಟ್ಟವಳು.

ಅಕ್ಕ ಮರುದಿನವೂ ಅದೇ ನಲ್ಲಿಗೆ ಹೋದಳು, ಅದರ ಮರುದಿನವೂ. ಕೊನೆಗೊಂದು ದಿನ ಚಾಳಿನ ಗಂಡಸೊಬ್ಬ ಅವಳನ್ನು ತಳ್ಳಿದ. ಕಲ್ಲಿನ ಮೇಲೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು.

ಪೊಲೀಸ್ ಸ್ಟೇಷನ್ನಿಗೆ ನಾನೇ ಕರೆದೊಯ್ದೆ. ಅಲ್ಲಿದ್ದ ಹವಾಲ್ದಾರ ಸೋಲಾಪುರದ ಕಡೆಯವನು, ಕನ್ನಡ ಬಲ್ಲವನು. ಜೀವ ಬಂದಂತಾಯಿತು.

"ನಿಮ್ಮ ಝೋಪಡೀನ ಕಾಯ್ದೇಶೀರ ಅಲ್ಲ. ಯಾವ ಕಾಯ್ದೆ ಕೇಳಾಕ ಬಂದೀರಿ?" ಎಂದ.

"ಕೈ ಮುರದದರೀ. ಕೈನೂ ಕಾಯ್ದೇಶೀರ ಅಲ್ಲೇನ್ರೀ?" ಎಂದಳು ಅಕ್ಕ.

ಅವನು ನಕ್ಕು, ಚಹಾ ತರಲು ಯಾರನ್ನೋ ಕೂಗಿದ. ದೂರು ಬರೆದುಕೊಳ್ಳಲಿಲ್ಲ. ಕೈ ಸೊಟ್ಟಗೆ ಕೂಡಿತು. ಸಿಮೆಂಟಿನ ಬುಟ್ಟಿ ಹೊರಲಾಗದೆ ಅಕ್ಕ ಮನೆಯಲ್ಲಿ ಕುಳಿತಳು.

ಆ ವರ್ಷವೇ ನಾನು ಕಾಲೇಜು ಸೇರಿದೆ. ಇಂಗ್ಲಿಷ್ ಪಾಠ ಅರ್ಧ ತಿಳಿಯುತ್ತಿರಲಿಲ್ಲ. ಒಂದು ದಿನ ಇತಿಹಾಸದ ಮೇಷ್ಟ್ರು ಅಮೆರಿಕದ ಒಂದು ಚಿತ್ರ ತೋರಿಸಿದರು: ಒಂದೇ ಗೋಡೆಗೆ ಎರಡು ನಲ್ಲಿ, ಒಂದು ಬಿಳಿಯರಿಗೆ, ಇನ್ನೊಂದು ಕರಿಯರಿಗೆ. ಕ್ಲಾಸು ಅಯ್ಯೋ ಎಂದಿತು. ಅಲ್ಲಿನ ಜನ ಹೇಗೆ ಹೋರಾಡಿ ನಾಗರಿಕ ಹಕ್ಕು ಪಡೆದರೆಂದು ಮೇಷ್ಟ್ರು ಚೆನ್ನಾಗಿಯೇ ಹೇಳಿದರು.

ನಾನು ಎದ್ದು ಒಡಕು ಹಿಂದಿಯಲ್ಲಿ ಕೇಳಿದೆ: "ಸರ್, ಘಾಟ್ಕೋಪರಿನ ನಲ್ಲಿಯದು ಯಾವಾಗ ಓದುತ್ತೇವೆ? ಅಲ್ಲಿ ಜಾತಿ ಕೇಳಿ ನೀರು ಬಿಡುತ್ತಾರೆ."

ಹಿಂದಿನ ಬೆಂಚಿನವರು ನಕ್ಕರು. "ನಮ್ಮಲ್ಲಿ ಅಸ್ಪೃಶ್ಯತೆಯನ್ನು ಸಂವಿಧಾನವೇ ಅಳಿಸಿದೆ," ಎಂದು ಮೇಷ್ಟ್ರು ಹಾಳೆ ತಿರುವಿದರು. ಅಮೆರಿಕದ ನಲ್ಲಿಗೆ ಮರುಗಿದ ಯಾರೂ ನನ್ನತ್ತ ತಿರುಗಲಿಲ್ಲ.

ಇದನ್ನೇ ಓದುತ್ತೇನೆಂದು ನಿರ್ಧರಿಸಿದ್ದು ಆಗ. ಭಾವ ಸಿಟ್ಟಾದ. "ಬ್ಯಾಂಕಿನ ಪರೀಕ್ಷಾ ಬರೀ ಅಂದ್ರ, ಹಕ್ಕಿನ ಇತಿಹಾಸ ಓದ್ತಾಳಂತ! ಹೊಟ್ಟಿ ತುಂಬ್ತದೇನು?"

"ಓದ್ಲಿ ಬಿಡ್ರಿ," ಎಂದಳು ಅಕ್ಕ. "ನಮ್ದೂ ಯಾರರ ಬರೀಬೇಕಲ್ಲ."

ಎಂ.ಎ. ಸೇರುವ ಮೊದಲು ಊರಿಗೆ ಹೋಗಿದ್ದೆ. ಓಣಿಯ ಹುಡುಗಿಯರು ಸುತ್ತ ಕುಳಿತರು. "ಮುಂಬಯಿಯಾಗ ಜಾತಿ ಕೇಳಂಗಿಲ್ಲಂತ, ಖರೇನಾ?"

"ಕೇಳ್ತಾರ," ಎಂದೆ. ಅವರ ಮುಖ ಬಾಡಿದ್ದನ್ನು ನೋಡಲಾಗಲಿಲ್ಲ.

"ಹಂಗಾರ ಹೊಳ್ಳಿ ಬಂದುಬಿಡು," ಎಂದಳು ಒಬ್ಬಳು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ, "ಬರಬ್ಯಾಡ," ಎಂದಳು.