ನನ್ನ ದುಡ್ಡು ಹೋಗಿರಲಿಲ್ಲ

ಕೆಂಚಪ್ಪ, ಆ ಫೈನಾನ್ಸ್ ಕಂಪನಿ ಮುಳುಗಿದಾಗ ನನ್ನ ದುಡ್ಡು ಹೋಗಿರಲಿಲ್ಲ. ಬಾಗಿಲು ಮುಚ್ಚುವ ಮೊದಲೇ ಪೂರ್ತಿ ಬಿಡಿಸಿಕೊಂಡು ಬಂದಿದ್ದೆ — ನಿನಗೆ ಹೇಳದೆ.

ಎಪ್ಪತ್ತರ ದಶಕದ ಬಬ್ಬೂರು ಫಾರಂ. ನಾನು ಆಫೀಸಿನ ಗುಮಾಸ್ತ, ನೀನು ಪಂಪ್‌ಹೌಸಿನವನು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹುಣಸೆಮರದ ಕೆಳಗೆ ನನ್ನ ಪಾಠ: ಸಂಬಳ ಬಂದ ದಿನವೇ ಉಳಿತಾಯ ತೆಗೆದಿಡಬೇಕು, ಮಿಕ್ಕಿದ್ದರಲ್ಲಿ ಸಂಸಾರ ನಡೆಸಬೇಕು. ಯಾರೂ ಕೇಳಿರಲಿಲ್ಲ, ಬುದ್ಧಿ ಹೇಳುವ ಚಟ ನನಗೆ. ನಿಮ್ಮದು ಕುರಿ ಕಾಯುವ ಮನೆತನ. ಸಂಬಳದಲ್ಲಿ ಏನಾದರೂ ಉಳಿದರೆ ನೀನು ಮರಿ ತಂದು ಅಣ್ಣನ ಮಂದೆಗೆ ಬಿಡುತ್ತಿದ್ದೆ.

"ಕುರಿ ಮರಿ ಹಾಕ್ತೈತೆ ಸ್ವಾಮಿ. ದುಡ್ಡು ಏನ್ ಹಾಕ್ತೈತೆ?" ಎಂದು ನೀನು ನಕ್ಕೆ.

ಮಾತಿನಲ್ಲಿ ಸೋಲುವುದು ನನ್ನ ಜಾಯಮಾನವಲ್ಲ. ಬಡ್ಡಿ, ಬಡ್ಡಿಗೆ ಬಡ್ಡಿ ಎಂದು ಬಿಡಿಸಿ ಹೇಳಿದೆ. ಕುರಿಗಾದರೆ ರೋಗ ಬರುತ್ತದೆ, ಠೇವಣಿಗೆ ಯಾವ ರೋಗ ಎಂದೆ. ಕೊನೆಗೆ ನಿನ್ನ ಹೆಂಡತಿ ಮಾರಮ್ಮ ತವರಿನಿಂದ ಹೊಡೆದುಕೊಂಡು ಬಂದಿದ್ದ ಕುರಿಗಳನ್ನೂ ಮಾರಿಸಿ, ಆ ದುಡ್ಡನ್ನು ಚಿತ್ರದುರ್ಗದ ಆ ಕಂಪನಿಯಲ್ಲಿ ಠೇವಣಿ ಇಡಿಸಿದೆ. ಅವಳು ಕೇಳಿದ್ದು ಒಂದೇ ಮಾತು: "ನೀವೂ ಅಲ್ಲೇ ಇಟ್ಟೀರಾ?" ಹೂಂ ಎಂದೆ. ಆಗ ಅದು ನಿಜವಾಗಿತ್ತು.

ಮುಂದೊಂದು ದಿನ ಚಿತ್ರದುರ್ಗಕ್ಕೆ ಹೋದಾಗ, ಆ ಕಂಪನಿಯಲ್ಲೇ ಕೆಲಸಕ್ಕಿದ್ದ ನನ್ನ ಷಡ್ಡಕ ಪಕ್ಕಕ್ಕೆ ಕರೆದ. "ಇವತ್ತೇ ಬಿಡಿಸ್ಕಳ್ರಿ. ಬಾಯಿ ಬಿಟ್ರೆ ನಿಮ್ದೂ ಸಿಗಲ್ಲ." ಬಿಡಿಸಿಕೊಂಡೆ. ವಾಪಸು ಬಂದು ಬಬ್ಬೂರಿನಲ್ಲಿ ಬಸ್ಸಿಳಿದರೆ ಎದುರಿಗೆ ನೀನೇ.

"ನಮ್ ಕಂಪ್ನಿ ಕಡೆ ಹೋಗಿದ್ರಾ ಸ್ವಾಮಿ? ಎಲ್ಲ ಸರಿ ಐತಾ?"

"ಎಲ್ಲ ಸರಿಯಾಗೈತೆ, ನಡಿ."

ದುಡ್ಡು ಆಗಲೇ ನನ್ನ ಕೈಲಿತ್ತು. ಹೇಳಿದ್ದರೆ ನನಗೆ ನಷ್ಟವೇನೂ ಇರಲಿಲ್ಲ. ಆದರೆ ಅಷ್ಟು ದಿನ ಮಾಡಿದ ಪಾಠ ತಪ್ಪು ಎಂದು ನಿನ್ನ ಮುಂದೆ ಒಪ್ಪಿಕೊಳ್ಳುವುದು — ಆಗಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಮರುದಿನವೂ...

ಕಂಪನಿ ಬಾಗಿಲು ಹಾಕಿತು. ಆ ವಾರವೇ ನೀನು ರಾಗಿ ಚೀಲ ಹೊತ್ತು ನಮ್ಮ ಮನೆಗೆ ಬಂದೆ. "ನಿಮ್ದೂ ಹೋಯ್ತಲ್ಲ ಸ್ವಾಮಿ. ನಮ್ಗಾದ್ರೆ ಹೊಲ ಐತೆ, ನಿಮ್ಗೇನೈತೆ? ಮಾರಮ್ಮನೇ ಕೊಟ್ಟು ಕಳಿಸ್ಯಾಳೆ." ತಲೆ ತಗ್ಗಿಸಿದೆ. ನೀನು ಅದನ್ನು ದುಃಖವೆಂದುಕೊಂಡು, ನನಗೇ ಸಮಾಧಾನ ಹೇಳಿ ಹೋದೆ.

ಆ ರಾಗಿಯನ್ನು ಉಂಡೆ, ಕೆಂಚಪ್ಪ. ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು.

ಆಮೇಲೆ ನಿಮ್ಮ ಜೊತೆ ಕೂತು ಉಣ್ಣಲಾಗಲಿಲ್ಲ. ಆಫೀಸಿನಲ್ಲೇ ಒಬ್ಬನೇ ಬುತ್ತಿ ಬಿಚ್ಚುತ್ತಿದ್ದೆ. ಪಾಪ, ದುಡ್ಡು ಕಳಕೊಂಡು ಕೊರಗುತ್ತಾರೆ ಎಂದು ನೀವೆಲ್ಲ ಮರ್ಯಾದೆಯಿಂದ ದೂರವೇ ಉಳಿದಿರಿ. ನನ್ನ ಹೆಂಡತಿಯೂ ಹಾಗೆಂದೇ ನಂಬಿ ತೀರಿಕೊಂಡಳು. ಈಗ ಹಿರಿಯೂರಿನ ಈ ಮನೆಯಲ್ಲಿ ಮಾತಾಡಿಸಲು ಯಾರೂ ಇಲ್ಲ. ಇದ್ದಿದ್ದರೂ ಏನು ಮಾತಾಡುತ್ತಿದ್ದೆ — ಈ ಒಂದನ್ನು ಬಿಟ್ಟು?

ನಾಳೆ ಈ ಕಾಗದ ಹಿಡಿದು ನಾನೇ ಬರುತ್ತೇನೆ. ಮಾರಮ್ಮನನ್ನೂ ಹತ್ತಿರ ಕೂರಿಸಿಕೋ. ನಾನು ನಿಂತೇ ಹೇಳುತ್ತೇನೆ. ಎಂದಿನಂತೆ "ಕುಂತ್ಕಳ್ರಿ ಸ್ವಾಮಿ" ಎಂದು ಚಾಪೆ ಹಾಸಬೇಡ — ಪೂರ್ತಿ ಕೇಳುವವರೆಗೆ ಹಾಸಬೇಡ.