ನಿಂಗಮ್ಮನ ಮನೆಯೊಳಗಿನ ದನಿ

ಅಜ್ಜಿ ಪ್ರಾರ್ಥನೆಗೆ ಕೂತು ಯಾರಿಗೂ ಅರ್ಥವಾಗದ ಅನ್ಯಭಾಷೆಯಲ್ಲಿ ಮಾತಾಡತೊಡಗಿದರೆ ನನಗೆ ನಗು ಬರುತ್ತಿತ್ತು. ಪವಿತ್ರಾತ್ಮನೇ ಅವಳ ಬಾಯಿಂದ ಮಾತಾಡಿಸುತ್ತಾನೆಂದು ಸಭೆಯವರು ನಂಬಿದ್ದರು. ಹನ್ನೆರಡು ವರ್ಷದ ನಾನು ನಂಬಿರಲಿಲ್ಲ. ದೆವ್ವವನ್ನೂ ನಂಬಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಮಳವಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಪೆಂತೆಕೋಸ್ತ್ ಸಭೆಗೆ ಸೇರಿದ ಮೊದಲ ಹೆಂಗಸು ಅಜ್ಜಿ. ದೀಕ್ಷಾಸ್ನಾನವಾದ ದಿನವೇ ಸಭೆಯ ಕಟ್ಟಳೆಯಂತೆ ಓಲೆ, ಮೂಗುಬೊಟ್ಟು ಬಿಚ್ಚಿಟ್ಟು ಬಿಳಿ ಸೀರೆ ಉಟ್ಟಳಂತೆ. ಓದು ಬಾರದು, ನನ್ನಿಂದ ಬೈಬಲ್ ಓದಿಸಿ ಕೇಳಿಯೇ ಕೀರ್ತನೆಗಳನ್ನು ಬಾಯಿಪಾಠ ಮಾಡಿದ್ದಳು. ಯಾರ ಮನೆಯಲ್ಲಿ ಕಾಯಿಲೆಯೆಂದರೂ ಕರೆಯದೆಯೇ ಹೋಗಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದಳು. ಎದುರು ಮನೆಯ ನಿಂಗಮ್ಮ ಅವಳ ಚಿಕ್ಕಂದಿನ ಗೆಳತಿ. ಅಜ್ಜಿ ಕ್ರಿಸ್ತನನ್ನು ನಂಬಿದ ಮೇಲೆ ನಿಂಗಮ್ಮ ಮಾತು ಬಿಟ್ಟಿದ್ದಳು. ಹದಿನೈದು ವರ್ಷ, ಎದುರುಬದುರು ಬಾಗಿಲು, ಒಂದು ಮಾತಿಲ್ಲ.

ಸ್ವಾತಂತ್ರ್ಯಕ್ಕೆ ಮೂರ್ನಾಲ್ಕು ವರ್ಷ ಮುಂಚೆ ಊರಿಗೆ ಪ್ಲೇಗು ಬಂತು. ಇಲಿ ಸತ್ತು ಬೀಳತೊಡಗಿದ್ದೇ ನಾವೆಲ್ಲ ಊರು ಖಾಲಿಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಕಂಕುಳಲ್ಲಿ ಗಡ್ಡೆ ಎದ್ದಿದ್ದ ನಿಂಗಮ್ಮನನ್ನು ಅವಳ ತಮ್ಮ ಮನೆಯಲ್ಲೇ ಬಿಟ್ಟು ಬಂದಿದ್ದ. ಅದು ತಿಳಿದದ್ದೇ ಅಜ್ಜಿ ಗಂಜಿ ಕಾಯಿಸಿಕೊಂಡು ಹೊರಟಳು. ಅಪ್ಪ ಅಡ್ಡ ನಿಂತ.

"ನೀ ಸಾಯೋದಲ್ದೆ ನಮ್ಮುನ್ನೂ ಸಾಯಿಸ್ಬುಡ್ತೀಯ ಕಣವ್ವ!"

"ನಾ ಓಯ್ತೀನಿ ಕಣ್ಲಾ. ನಿನ್ ಗುಡ್ಲೊಳಕ್ಕೆ ಬರಾಕಿಲ್ಲ ಬುಡು."

ಬರಲೂ ಇಲ್ಲ. ದಿನಾ ಊರಿಗೆ ಹೋಗಿಬಂದು ದೂರದ ಹುಣಸೆಮರದ ಕೆಳಗೆ ಮಲಗುತ್ತಿದ್ದಳು. ನಾಲ್ಕನೆಯ ಮಧ್ಯಾಹ್ನ ನಾನು ಕದ್ದು ಅವಳ ಹಿಂದೆ ಹೋದೆ.

ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಿಂಗಮ್ಮನ ಮನೆಯ ಜಗಲಿಯ ಮೇಲೆ ಕೂತೆ. ಒಳಗೆ ಅಜ್ಜಿ ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದಳು. ಆ ದಿನ ನನಗೆ ನಗು ಬರಲಿಲ್ಲ. ಆಗ ಇನ್ನೊಂದು ಮುದಿ ದನಿ ಸ್ಪಷ್ಟವಾಗಿ ಹೇಳಿತು: "ಸಾಕು ಬುಡು ಕೆಂಪಿ. ಮಗ ಬಿಸ್ಲಲ್ಲಿ ಕುಂತದೆ, ನೋಡು."

ಪ್ರಾರ್ಥನೆ ತಟ್ಟನೆ ನಿಂತಿತು. ಅಜ್ಜಿ ಹೊರಗೆ ಬಂದಳು. ಕೈಯಲ್ಲಿದ್ದ ಕುಡಿಕೆಯ ತುಂಬ ಗಂಜಿ ಹಾಗೇ ಇತ್ತು.

"ನಿಂಗಮ್ಮಂಗೆ ವಾಸಿಯಾಯ್ತಾ ಅಜ್ಜಿ?"

"ರಾತ್ರೀನೇ ಓಗ್ಬುಟ್ಟವ್ಳೆ ಕಣವ್ವ. ಮೈಯೆಲ್ಲ ಮರದಂಗಾಗದೆ."

"ಈಗ ಮಾತಾಡುದ್ಲಲ್ಲ? ಕೆಂಪಿ ಅಂದ್ರೆ ಯಾರು?"

ಅಜ್ಜಿ ಕುಡಿಕೆಯನ್ನು ಜಗಲಿಯ ಮೇಲಿಟ್ಟಳು. "ನಿಂಗೂ ಕೇಳುಸ್ತಾ?" ಎಂದಳು. ಎಂಥ ದೆವ್ವವನ್ನೂ ಯೇಸುವಿನ ಹೆಸರಿನಲ್ಲಿ ಗದರಿಸಿ ಓಡಿಸುತ್ತಿದ್ದವಳ ಮುಖದಲ್ಲಿ ನಾನು ಭಯ ಕಂಡದ್ದು ಅದೊಂದೇ ಸಲ.

ದೀಕ್ಷಾಸ್ನಾನಕ್ಕೆ ಮುಂಚೆ ಅಜ್ಜಿಯ ಹೆಸರು ಕೆಂಪಮ್ಮ. ನಾನು ಹುಟ್ಟುವ ಹೊತ್ತಿಗೆ ಅವಳು ಊರಿಗೆಲ್ಲ ಸಾರಮ್ಮನಾಗಿದ್ದಳು. ಹಳೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಅದನ್ನು ನನಗೆ ಹೇಳಿದ್ದು ಅಜ್ಜಿ ತೀರಿಕೊಂಡ ಮೇಲೆ. ಕಿವಿಯ ಭ್ರಮೆ ಎಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಗೊತ್ತೇ ಇಲ್ಲದ ಹೆಸರನ್ನು ಭ್ರಮೆ ಎಲ್ಲಿಂದ ತಂದೀತು?

"ಇಲ್ಲೇ ಇರು. ಒಸ್ಲು ದಾಟ್ಬ್ಯಾಡ" ಎಂದು ಅಜ್ಜಿ ಮತ್ತೆ ಒಳಗೆ ಹೋದಳು. ಈ ಸಲ ಪ್ರಾರ್ಥಿಸಲಿಲ್ಲ. ಹೆಂಗಸರು ಬಾಗಿಲಲ್ಲಿ ನಿಂತು ಆಡುವಂಥ ಮಾತನ್ನೇ ಬಹಳ ಹೊತ್ತು ಆಡಿದಳು. ನಡುನಡುವೆ ಸುಮ್ಮನಾಗಿ, "ಊಂ", "ಅಂಗಾ?" ಎನ್ನುತ್ತಿದ್ದಳು. ನಾನು ಬಾಗಿಲಿಗೆ ಕಿವಿಗೊಟ್ಟು ಕೂತಿದ್ದೆ. ನನಗೆ ಮಾತ್ರ ಮತ್ತೇನೂ ಕೇಳಿಸಲಿಲ್ಲ.