ನಾಲ್ಕರಲ್ಲಿ ಮೂರು ಪಾಲು

ಜ್ಞಾನವು ಮನುಷ್ಯನನ್ನು ಬಂಧನದಿಂದ ಬಿಡಿಸುತ್ತದೆ ಎಂಬುದು ಗಂಭೀರವಾದ ಮಾತು. ನನಗೆ ಅದು ಬಿಡಿಸಿದ್ದು ಬಾಳೆಹಣ್ಣನ್ನು ಮಾತ್ರ. ಇವತ್ತು ಬೆಳಿಗ್ಗೆಯೂ ಕಳಿತ ಹಣ್ಣಿಗೆ ಸಣ್ಣ ನೊಣಗಳು ಮುತ್ತಿದ್ದವು. ತಿನ್ನುವುದು ಬಿಟ್ಟು, ಕನ್ನಡಕ ಏರಿಸಿಕೊಂಡು ಅವುಗಳ ರೆಕ್ಕೆ ನೋಡುತ್ತ ನಿಂತೆ.

ನಗಬೇಡಿ. ಎಂಬತ್ತರ ದಶಕದಲ್ಲಿ ರಾಣೆಬೆನ್ನೂರಿನಲ್ಲಿ ಬಿ.ಎಸ್ಸಿ. ಓದುವಾಗ ಇವು ನಮ್ಮ ಸಾಕುಪ್ರಾಣಿಗಳಾಗಿದ್ದವು. ಹಾಲಿನ ಬಾಟಲಿಯಲ್ಲಿಟ್ಟು, ರವೆ-ಬೆಲ್ಲದ ಸಜ್ಜಕ ಹಾಕಿ ಸಾಕುತ್ತಿದ್ದೆವು. ಹಾಸ್ಟೆಲಿನಲ್ಲಿ ನಮಗೇ ಅಂಥ ಸಜ್ಜಕ ಸಿಗುತ್ತಿರಲಿಲ್ಲ. ಪ್ರಯೋಗಕ್ಕೆ ನನ್ನ ಜೊತೆಗಾತಿ ಗಿರಿಜಾ, ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗಳು. ಉದ್ದ ರೆಕ್ಕೆಯ ನೊಣಕ್ಕೂ ಮೊಂಡು ರೆಕ್ಕೆಯದಕ್ಕೂ ಜೋಡಿ ಮಾಡಿದೆವು. ಮಕ್ಕಳೆಲ್ಲ ಉದ್ದ ರೆಕ್ಕೆಯವೇ. ಮೊಂಡು ರೆಕ್ಕೆಯ ವಂಶಕ್ಕೆ ಶೋಕ ಆಚರಿಸಲು ನಾನು ಸಿದ್ಧನಾದೆ. ಆ ಮಕ್ಕಳನ್ನೇ ತಮ್ಮತಮ್ಮೊಳಗೆ ಕೂಡಿಸಿದಾಗ, ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದರಂತೆ ಅದು ಮತ್ತೆ ಹೊರಬಿತ್ತು. ಉದ್ದ ರೆಕ್ಕೆ ಪ್ರಬಲ ಗುಣ. ಅಡಗಿ ಕೂತಿದ್ದ ಮೊಂಡು ರೆಕ್ಕೆ ದುರ್ಬಲ ಗುಣ. ನನಗೆ ಅದು ಪರೀಕ್ಷೆಯ ಪ್ರಶ್ನೆ. ಗಿರಿಜಾಳಿಗೆ ಅಲ್ಲ.

ಅವಳ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ತಂದೆತಾಯಿಯದು ಒಳಸಂಬಂಧ, ಇಬ್ಬರ ಕಿವಿಯೂ ಚುರುಕು. ಅವಳ ಮದುವೆ ಸೋದರಮಾವನೊಂದಿಗೆ, ತಾಯಿಯ ಒಡಹುಟ್ಟಿದವನೊಂದಿಗೆ, ಗೊತ್ತಾಗಿತ್ತು.

ಒಂದು ಸಂತೆಯ ದಿನ ಅಪ್ಪನನ್ನು ಪ್ರಯೋಗಾಲಯಕ್ಕೇ ಕರೆತಂದಳು. ಅವರು ಚಪ್ಪಲಿ ಹೊರಗೆ ಬಿಟ್ಟು ಬಂದು, ಈಥರ್ ಹಿಡಿಸಿ ಮಲಗಿಸಿದ ನೊಣಗಳನ್ನು ಮಸೂರದಲ್ಲಿ ಭಕ್ತಿಯಿಂದ ನೋಡಿದರು.

"ಅಪ್ಪಾ, ತಮ್ಮನ ಕಿವುಡು ನನ್ನೊಳಗೂ ಮಾಮಾನೊಳಗೂ ಹಿಂಗ ಅಡಗಿರಬಹುದು. ಈ ಲಗ್ನ ಬ್ಯಾಡ."

"ನಾವೇನ್ ನೊಣ ಏನವಾ?" ಎಂದವರು, ಪ್ರಯೋಗ ಮಾಡಿಸುತ್ತಿದ್ದ ನಮ್ಮ ಸರ್ ಕಡೆ ತಿರುಗಿದರು. "ಖರೇ ಏನ್ರಿ ಸರ?"

ಸರ್ ಸತ್ಯಸಂಧರು. "ಖಾತ್ರಿ ಹೇಳಾಕ ಬರೂದಿಲ್ರಿ. ಇಬ್ಬರೊಳಗೂ ಅಡಗಿದ್ರ ನಾಲ್ಕರಾಗ ಒಂದು ಪಾಲು."

"ಅಂದ್ರ ಮೂರು ಪಾಲು ನಮ್ಮ ಕಡೀನ ಐತಲ್ರಿ!" ದಲಾಲರ ಮುಖ ಅರಳಿತು. "ಇಷ್ಟು ಭರೋಸಾ ನಮ್ಮ ಪ್ಯಾಟ್ಯಾಗ ಯಾರ್ ಕೊಡ್ತಾರ? ಇದಕ್ಕ ಅಂಜತಾರೇನ, ಹುಚ್ಚಿ?"

ಗಿರಿಜಾ ಬಾಟಲಿಗೆ ಹತ್ತಿಯ ಬಿರಡೆ ತುರುಕಿದಳು. ಲೆಕ್ಕ ಎಲ್ಲೂ ತಪ್ಪಿರಲಿಲ್ಲ, ಅದೇ ತೊಂದರೆಯಾಯಿತು. ಸರ್ ಅಂದು ಒಂದೇ ಒಂದು ಸುಳ್ಳು ಹೇಳಿದ್ದರೆ ವಿಜ್ಞಾನಕ್ಕೆ ಎಷ್ಟು ನಷ್ಟವಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ. ಬಹಳ ಅಲ್ಲ ಅನಿಸುತ್ತದೆ.

ಆ ಬೇಸಿಗೆಯಲ್ಲಿ ಹಾವೇರಿಯಲ್ಲಿ ಲಗ್ನವಾಯಿತು. ಗಿರಿಜಾಳಿಗೆ ಇಬ್ಬರು ಮಕ್ಕಳು. ಇಬ್ಬರಿಗೂ ಕಿವಿ ಕೇಳುವುದಿಲ್ಲ.